ತೊಡೆಗಳ ಸಮಾನತೆ ಸಾಧಿಸಿದ ಖರೀದಿ ಅಧಿಕಾರಿಗಳಿಗೆ

ಗೋದಾಮಿನ ಖರೀದಿ ಅಧಿಕಾರಿಗಳಾದ ಮಾನ್ಯರೇ,

ತಾವು, ತಮ್ಮ ತಿರುಗುವ ಕುರ್ಚಿ, ತಮ್ಮ ಕೋಣೆಯ ತಂಪುಗಾಳಿ ಎಲ್ಲವೂ ಕ್ಷೇಮವೆಂದು ನಂಬಿ, ಅದೇ ಗೋದಾಮಿನಲ್ಲಿ ಪೆಟ್ಟಿಗೆ ಹೊರುವ ಹೆಂಗಸೊಬ್ಬಳ ತಂಗಿಯಾದ ನಾನು ನಾಲ್ಕು ಜನರೆದುರೇ ತಮಗೆ ಕೈಮುಗಿಯುತ್ತಿದ್ದೇನೆ.

ತಮ್ಮ ಮುರುಕು ಮೆಟ್ಟಿಲಿನಲ್ಲಿ ಜಾರಿ ಬಿದ್ದ ಅಕ್ಕನಿಗೆ ಮೊಣಕಾಲಿನ ಆಪರೇಷನ್ ಆಯಿತು. ಮಲಗಿ ಮಲಗಿ ತೊಡೆ ಕರಗಿತು. ಭಾರ ಎತ್ತದಿದ್ದರೆ ಸ್ನಾಯು ಬೆಳೆಯದು, ಎತ್ತಿದರೆ ಮೊಣಕಾಲು ಉಳಿಯದು. ವ್ಯಾಯಾಮ ಚಿಕಿತ್ಸೆಯ ಡಾಕ್ಟರಮ್ಮ ಒಂದು ದಾರಿ ಹೇಳಿದರು: ತೊಡೆಯ ಬುಡಕ್ಕೆ ಗಾಳಿ ತುಂಬುವ ಅಗಲವಾದ ಪಟ್ಟಿ ಸುತ್ತಿ, ರಕ್ತದ ಹರಿವನ್ನು ಒಂದಿಷ್ಟು ತಡೆದು, ಹಗುರ ತೂಕದಲ್ಲೇ ಕಾಲಿಗೆ ಬಲ ಬರಿಸುವುದು. ಎಷ್ಟು ತಡೆಯಬೇಕೆಂಬುದು ಒಬ್ಬೊಬ್ಬರ ಕಾಲಿಗೂ ಬೇರೆ. ಆದ್ದರಿಂದ ಪಟ್ಟಿಗೆ ಒತ್ತಡ ಅಳೆಯುವ ಮಾಪಕ ಇರಲೇಬೇಕೆಂದು, ಗೋದಾಮಿನಲ್ಲಿ ಬಿದ್ದವರ ಚಿಕಿತ್ಸೆಗೆ ಸಾಮಾನು ತರಿಸುವ ತಮ್ಮಲ್ಲಿ ಕೇಳಿಕೊಂಡರು.

ತಾವು ಕೇಳುವ ಜಾತಿಯೇ? ಎರಡು ಬೆರಳಗಲದ, ಎಳೆದರೆ ಹಿಗ್ಗುವ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಪಟ್ಟಿಯೊಂದನ್ನು ತಮ್ಮ ಕೋಟಿನ ತೋಳಿನ ಮೇಲೆ ಕಟ್ಟಿಕೊಂಡು, ಕೈ ಆಡಿಸಿ ನೋಡಿ, “ಫಸ್ಟ್ ಕ್ಲಾಸಾಗಿದೆ, ಎಲ್ರಿಗೂ ಇದೇ ಸಾಕು” ಎಂದು ಅಪ್ಪಣೆ ಕೊಟ್ಟಿರಂತೆ. ಸಮಾನತೆ ಬೇಕೆಂದು ನಾವು ಬೀದಿಯಲ್ಲಿ ನಿಂತು ಗಂಟಲು ಹರಿದುಕೊಂಡೆವು. ತಾವೋ ಕೂತಲ್ಲೇ ಸಣ್ಣ ತೋಳು, ದಪ್ಪ ತೊಡೆ, ಕುಯ್ದ ಕಾಲು ಎಂಬ ಭೇದವನ್ನೆಲ್ಲ ಒಂದು ಗಂಟಿನಲ್ಲಿ ಅಳಿಸಿಹಾಕಿದಿರಿ. ತಮ್ಮ ಪಾದ ಎಲ್ಲಿದೆಯೋ ತೋರಿಸಿ, ಬೀಳುತ್ತೇವೆ.

ಆ ಪಟ್ಟಿ ಬಿಗಿದ ಸ್ವಲ್ಪ ಹೊತ್ತಿಗೆ ಅಕ್ಕನ ಕಾಲು ಮರಗಟ್ಟಿ ನೀಲಿಗಟ್ಟಿತು. “ಲೇ, ಇದು ನನ್ನ ಕಾಲೇನೇ? ಮುಟ್ಟಿದ್ರೂ ಗೊತ್ತಾಗ್ತಿಲ್ವಲ್ಲೇ” ಎಂದಳು. ಡಾಕ್ಟರಮ್ಮ ಓಡಿಬಂದು ಕತ್ತರಿಯಿಂದ ಕತ್ತರಿಸಿ, “ಯಾರಮ್ಮ ಇದನ್ನ ತಂದಿದ್ದು? ಮೂಟೆ ಬಾಯಿ ಕಟ್ಟೋಕೆ ಕೊಡಿ ಅವ್ರಿಗೆ” ಎಂದರು. ಅಂದಿನಿಂದ ಚಿಕಿತ್ಸೆ ನಿಂತಿದೆ. ನಿಲ್ಲದಿರುವುದು ತಮ್ಮ ಕರುಣೆ ಮಾತ್ರ: ಪಟ್ಟಿ ಕೊಟ್ಟಾಯಿತು, ಇನ್ನು ಸೋಮವಾರ ಪೆಟ್ಟಿಗೆ ಹೊತ್ತು ಮೂರನೆಯ ಮಹಡಿ ಹತ್ತಿ ತೋರಿಸಬೇಕು, ಹತ್ತದಿದ್ದರೆ ಕೆಲಸವಿಲ್ಲ ಎಂದು ಅಕ್ಕನಿಗೆ ಹೇಳಿಕಳಿಸಿದ್ದೀರಿ.

ಆದ್ದರಿಂದ ಬಡವಿಯ ಕೋರಿಕೆ ಇಷ್ಟೇ. ಹೊರುವವರ ತೊಡೆಗಳನ್ನೆಲ್ಲ ಕೆತ್ತಿಸಿ ತಮ್ಮ ತೋಳಿನ ಅಳತೆಗೆ ತರಿಸಬೇಕು. ತಮ್ಮ ಸಹಿ ಇಲ್ಲದೆ ಮೊಣಕಾಲಿನಿಂದ ಕೆಳಗೆ ಇಳಿಯಬಾರದೆಂದು ನಮ್ಮ ರಕ್ತಕ್ಕೆ ಕಟ್ಟಪ್ಪಣೆ ಮಾಡಬೇಕು. ಇವೆರಡೂ ಕಷ್ಟವೆನಿಸಿದರೆ, ಡಾಕ್ಟರಮ್ಮ ಕೇಳಿದ ಆ ಅಗಲದ ಪಟ್ಟಿಯನ್ನು ತರಿಸಿಕೊಟ್ಟು, ಕಾಲಿಗೆ ಬಲ ಬರುವ ತನಕ ಪರೀಕ್ಷೆಯನ್ನು ಮುಂದೂಡಬೇಕು.

ತಮ್ಮ ತೋಳಿನ ಮೇಲೆ ಅಪಾರ ಗೌರವವುಳ್ಳ,
ತಮ್ಮ ವಿಶ್ವಾಸಿ,
ಪೆಟ್ಟಿಗೆ ಹೊರುವವಳ ತಂಗಿ

ಮರೆತಿದ್ದೆ: ಸೋಮವಾರ ಅಕ್ಕ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಅವಳ ಜೊತೆಯ ಹೆಂಗಸರು ಯಾರೂ ಅಂದು ಪೆಟ್ಟಿಗೆ ಮುಟ್ಟುವುದಿಲ್ಲ. ಮಾಲು ಮೇಲೇರಲೇಬೇಕಿದ್ದರೆ ತಾವೇ ಹೊರಬೇಕಾದೀತು. ನಡುವೆ ಮೊಣಕಾಲು ಕೈಕೊಟ್ಟರೆ ಗಾಬರಿ ಬೇಡ, ತಾವು ತರಿಸಿದ ಪಟ್ಟಿಗಳು ಬೇಕಾದಷ್ಟು ಬಿದ್ದಿವೆ, ನಾನೇ ಬಂದು ಕಟ್ಟುತ್ತೇನೆ. ನನ್ನ ಗಂಟು ಬಲು ಬಿಗಿ.