ನೊರೆಮದ್ದು ಸುರಿದವರು

ಬೆಳಿಗ್ಗೆ ಮಿಕ್ಸರಿನ ವೇಗವನ್ನು ಒಂದಿಷ್ಟು ಹೆಚ್ಚಿಸಿದ್ದೇ ಎಲ್ಲದಕ್ಕೂ ಮೂಲ. ಹೆಚ್ಚಿಸಿ ಎಂದವನು ಸೂಪರ್‌ವೈಸರ್. ಹೂಂ ಎಂದವನು ಟ್ಯಾಂಕ್ ನೋಡಿಕೊಳ್ಳುತ್ತಿದ್ದ ಅವನ ತಂಗಿಯ ಗಂಡ. ಯಾರು ಏನೆಂದರೂ ಹೂಂ ಎನ್ನುತ್ತಿದ್ದುದರಿಂದ ಆ ಬಣ್ಣದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಹೂಂರಾಯ ಎಂದೇ ಕರೆಯುತ್ತಿದ್ದರು. ಕೆಲಸ ಕೊಡಿಸಿದ್ದೇ ಈ ಸೂಪರ್‌ವೈಸರ್ ಭಾವ. ಅವನ ಮುಂದೆ ಉಹೂಂ ಎನ್ನುವ ಮಾತೇ ಇರಲಿಲ್ಲ.

ಅದು ನೀರಿನಲ್ಲಿ ಕಲಸುವ ಗೋಡೆಬಣ್ಣ. ಮಿಕ್ಸರಿನ ಅಲಗು ಗಾಳಿಯನ್ನೂ ಸೇರಿಸಿ ಕಡೆದದ್ದರಿಂದ, ಒಲೆಯ ಮೇಲೆ ಮರೆತ ಹಾಲಿನಂತೆ ನೊರೆ ಉಕ್ಕಿ ಟ್ಯಾಂಕಿನ ಬಾಯಿಗೇ ಬಂತು. ಹಾಗೇ ಡಬ್ಬಿಗೆ ತುಂಬಿದರೆ, ಬಳಿದ ಗೋಡೆಯ ತುಂಬ ಸೂಜಿಮೊನೆಯಷ್ಟು ತೂತುಗಳು. ಮಧ್ಯಾಹ್ನ ದೊಡ್ಡ ಗಿರಾಕಿಯೊಬ್ಬರು ಮಾದರಿ ನೋಡಲು ಬರುವವರಿದ್ದರು.

ಹೂಂರಾಯ ವೇಗ ಇಳಿಸಿ, ಎಣ್ಣೆಯಂಥ ನೊರೆಮದ್ದನ್ನು ಅಳೆದು ಸುರಿದ. ಅದರ ಸ್ವಭಾವ ಅವನಿಗೆ ಗೊತ್ತಿತ್ತು. ಕಡಿಮೆಯಾದರೆ ನೊರೆ ಇಳಿಯದು. ಹೆಚ್ಚಾದರೆ ಬಣ್ಣ ಬಳಿದಲ್ಲಿ ನಿಲ್ಲದೆ ಸರಿದುಕೊಂಡು ಕುಳಿ ಬೀಳುತ್ತದೆ. ಸುರಿದ ಮೇಲೆ ಕಾಯಬೇಕು, ಅಷ್ಟೇ. ಗುಳ್ಳೆಗಳು ಒಂದೊಂದಾಗಿ ಒಡೆಯುವುದನ್ನು ನೋಡುತ್ತ ನಿಂತರೆ ಅವನಿಗೆ ಏನೋ ಸಮಾಧಾನ. ಇಡೀ ದಿನದಲ್ಲಿ ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತು ಅದೊಂದೇ.

ಆದರೆ ನೋಡುವವರ ಕಣ್ಣಿಗೆ ಕಾಯುವುದೂ ಸುಮ್ಮನೆ ನಿಲ್ಲುವುದೂ ಒಂದೇ. ಸ್ಟೋರಿನ ಅಕ್ಕ ಬಂದು ಇನ್ನೊಂದು ಚೂರು ಹಾಕು ಎಂದಳು. ಎಲೆಕ್ಟ್ರಿಶಿಯನ್ ತನ್ನ ಹಿಂದಿನ ಕಾರ್ಖಾನೆಯಲ್ಲಿ ಬಕೆಟ್‌ಗಟ್ಟಲೆ ಸುರಿಯುತ್ತಿದ್ದರೆಂದ. ಭಾವ ಗಡಿಯಾರ ನೋಡಿದ. ಹೂಂರಾಯ ಎಲ್ಲರಿಗೂ ಹೂಂ ಎಂದ, ಆದರೆ ಹಾಕಲಿಲ್ಲ. ಅಪರೂಪಕ್ಕೊಮ್ಮೆ ತನಗೆ ತೋಚಿದಂತೆ ನಡೆದೆನೆಂಬ ಹೆಮ್ಮೆಯಲ್ಲಿ ಊಟಕ್ಕೆ ಹೋದ.

ವಾಪಸು ಬಂದಾಗ ಟ್ಯಾಂಕು ಕನ್ನಡಿಯಂತಿತ್ತು. ಒಂದು ಗುಳ್ಳೆಯಿಲ್ಲ. ಖುಷಿಯಿಂದ ಹಲಗೆಯೊಂದಕ್ಕೆ ಬಳಿದ. ನೋಡನೋಡುತ್ತಿದ್ದಂತೆ ಬಣ್ಣ, ಮಾತು ಬಿಟ್ಟ ನೆಂಟರ ಹಾಗೆ, ದೂರ ದೂರ ಸರಿದು ಹಲಗೆಯ ತುಂಬ ದುಂಡನೆಯ ಕುಳಿಗಳು ಬಿದ್ದವು. ನೊರೆಮದ್ದಿನ ಕ್ಯಾನು ಎತ್ತಿ ನೋಡಿದರೆ ಖಾಲಿ.

ಯಾರು ಹಾಕಿದ್ದೆಂದು ಕೇಳಿದ. ಅಕ್ಕ ಆ ಕಡೆಗೇ ಹೋಗಿರಲಿಲ್ಲವಂತೆ. ಎಲೆಕ್ಟ್ರಿಶಿಯನ್ನಿಗೆ ಕ್ಯಾನು ಎಲ್ಲಿಡುತ್ತಾರೆಂದೇ ಗೊತ್ತಿಲ್ಲವಂತೆ. ಭಾವ ಮುಖ ಗಂಟಿಕ್ಕಿದ.

"ಟ್ಯಾಂಕು ನಿಮ್ಮ ಕೈಲಿತ್ತು. ಇನ್ನು ನಾಳೆಯಿಂದ ಬರ್ಬೇಡಿ ಅಂದ್ರೆ ನನ್ನ ತಂಗಿಗೆ ಏನಂತ ಹೇಳ್ಲಿ?"

ಅಷ್ಟರಲ್ಲಿ ಗಿರಾಕಿ ಬಂದೇಬಿಟ್ಟರು. ಕನ್ನಡಕ ಏರಿಸಿ, ಹಲಗೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಹೂಂರಾಯ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಯಾವ ಮಾತಿನಿಂದ ಶುರು ಮಾಡಿದರೂ ಅವಳ ಮುಖ ಸಣ್ಣದಾಗುತ್ತಿತ್ತು.

"ಮರಳಿನ ಮೇಲೆ ಮಳೆಹನಿ ಬಿದ್ದಂಗಿದೆ," ಎಂದರು ಗಿರಾಕಿ. "ಎಷ್ಟು ಹುಡುಕಿದ್ರೂ ಇಂಥದ್ದು ಸಿಕ್ಕಿರ್ಲಿಲ್ಲ. ನಮ್ಮ ಹೋಟೆಲಿನ ಗೋಡೆಗೆಲ್ಲ ಇದೇ ಬೇಕು. ಆದ್ರೆ ಒಂದಿಷ್ಟೂ ವ್ಯತ್ಯಾಸ ಆಗ್ಬಾರ್ದು. ನಾಳೆ ಬಂದು ಹೊಸ ಟ್ಯಾಂಕಿನ ಬಣ್ಣಾನ ಈ ಹಲಗೆ ಪಕ್ಕದಲ್ಲಿಟ್ಟು ನೋಡ್ತೀನಿ."

ಅವರ ಕಾರು ಗೇಟು ದಾಟಿತು. ನೊರೆಮದ್ದು ಎಷ್ಟು ಬಿದ್ದಿತ್ತೆಂದು ಹೂಂರಾಯ ಮತ್ತೊಮ್ಮೆ ಕೇಳಿದ. ಈ ಸಲ ಯಾರೂ ಹಿಂಜರಿಯಲಿಲ್ಲ. ಅಕ್ಕ, ಅರ್ಧ ಕ್ಯಾನು ಹಾಕಿದವಳು ತಾನೇ ಎಂದಳು. ಎಲೆಕ್ಟ್ರಿಶಿಯನ್ ತನ್ನದು ಮುಕ್ಕಾಲು ಎಂದು ಆಣೆ ಮಾಡಿದ. ಭಾವ ಇಬ್ಬರನ್ನೂ ಗದರಿಸಿ, ಕ್ಯಾನು ಪೂರ್ತಿ ಬಗ್ಗಿಸಿದವನು ತಾನು, ಬೇರೆಯವರ ಮಾತು ಕೇಳಬೇಡಿ ಎಂದ.

ಇದ್ದದ್ದು ಒಂದೇ ಕ್ಯಾನು, ಸುರಿದದ್ದು ಎರಡೂಕಾಲು.