ಚೀನಿಕಾಯಿಗೊಂದು ಗಂಡು ಹೂವು

೨೦೨೫ ಮಾರ್ಚ್ ೨, ಆದಿತ್ಯವಾರ. ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ, ಉಪ್ಪಳ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯ ಒಂದು ತಾರಸಿಯ ಮೇಲೆ ಸಿಹಿಗುಂಬಳದ, ಅಂದರೆ ಆ ಊರಿನವರ ಚೀನಿಕಾಯಿಯ, ಹೂವೊಂದು ಅರಳಿತು. ಅದು ಹೆಣ್ಣು ಹೂವು. ದಳಗಳ ಕೆಳಗೆ ಲಿಂಬೆಹಣ್ಣಿನಷ್ಟು ದೊಡ್ಡ ಎಳೆಕಾಯಿಯನ್ನು ಹೊತ್ತುಕೊಂಡೇ ಬಂದಿತ್ತು.

ಶರತ್ಚಂದ್ರ ಮಾಷ್ಟ್ರಿಗೆ ಕೈಯಲ್ಲಿದ್ದ ಚಾ ಗ್ಲಾಸನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೈಯರ್ ಸೆಕೆಂಡರಿಯಲ್ಲಿ ರಸಾಯನಶಾಸ್ತ್ರ ಕಲಿಸುವ ಅವರು ಹನ್ನೊಂದು ತಿಂಗಳಿಂದ ತಾರಸಿ ಕೃಷಿ ಮಾಡುತ್ತಿದ್ದರು. ಮಣ್ಣಿನ ಆಮ್ಲೀಯತೆ, ಮಧ್ಯಾಹ್ನದ ಕಾಂಕ್ರೀಟಿನ ಉಷ್ಣತೆ, ಹೊಯ್ದ ನೀರು ಎಷ್ಟು ಲೀಟರ್, ಎಲ್ಲಕ್ಕೂ ಲೆಕ್ಕವಿತ್ತು. ಇಲ್ಲದ್ದು ತರಕಾರಿ ಮಾತ್ರ. ಟೊಮೆಟೊ ನಲವತ್ತಮೂರು ಡಿಗ್ರಿಯಲ್ಲಿ ಬೆಂದು ಹೋಯಿತು. ಅಲಸಂಡೆಗೆ ಹೇನು ಬಿತ್ತು. ಬೆಂಡೆ ಗಿಡವಂತೂ ಸರ್ಕಾರಿ ಕಚೇರಿಯ ಮೂಲೆಯ ಕೊಡೆಯ ಹಾಗೆ ನಿಂತಲ್ಲೇ ಒಣಗಿತು.

ಕೊನೆಗೆ ಹೆಂಡತಿ ವಸುಮತಿ ಗಡುವು ಕೊಟ್ಟಿದ್ದಳು. "ನಮ್ಮ ಗಿಡದಲ್ಲಿ ಒಂದೇ ಒಂದು ಕಾಯಿ ತೋರಿಸಿ, ನಾನು ಶೀಟಿನ ಸುದ್ದಿ ತೆಗೆಯುವುದಿಲ್ಲ. ಇಲ್ಲದಿದ್ದರೆ ಮಾರ್ಚ್ ಎರಡಕ್ಕೆ ಬೆಳಿಗ್ಗೆ ಒಂಬತ್ತು ಗಂಟೆಗೆ ಶೀಟಿನ ಕೆಲಸದ ಪ್ರವೀತ್ ಬಂದು ಟೆರೇಸು ಅಳೆಯುತ್ತಾನೆ. ಇಡೀ ಟೆರೇಸಿಗೆ ತಗಡು ಶೀಟು. ಮಳೆಗಾಲದಲ್ಲಿ ಬಟ್ಟೆಯಾದರೂ ಒಣಗಲಿ."

ಆ ಮಾರ್ಚ್ ಎರಡು ಇಂದೇ. ಶೀಟಿನಡಿ ಬಿಸಿಲಿಲ್ಲ, ಬಿಸಿಲಿಲ್ಲದೆ ಕೃಷಿಯಿಲ್ಲ. ಹೆಣ್ಣು ಹೂವಿಗೆ ಇಂದೇ ಗಂಡು ಹೂವಿನ ಪರಾಗ ಮುಟ್ಟಿಸಿದರೆ ಎಳೆಕಾಯಿ ಉಳಿಯುತ್ತದೆ. ಬಿಸಿಲೇರಿ ಹೂವು ಮುದುಡಿದರೆ ಮೂರು ದಿನದಲ್ಲಿ ಕಾಯಿ ಹಳದಿಯಾಗಿ ಉದುರುತ್ತದೆ. ಮಾಷ್ಟ್ರು ಬಳ್ಳಿಯ ಎಲೆ ಎಲೆ ಎತ್ತಿ ನೋಡಿದರು. ಅವರ ತಾರಸಿಯಲ್ಲಿ ಗಂಡು ಹೂವು ಒಂದೂ ಇರಲಿಲ್ಲ.

ಲುಂಗಿ ಎತ್ತಿಕಟ್ಟಿ ಓಣಿಗಿಳಿದರು. ಎದುರುಮನೆಯ ಮಹಾಲಿಂಗ, ವಿಲೇಜ್ ಆಫೀಸಿನಿಂದ ನಿವೃತ್ತನಾಗಿ ಈಗ ಇಡೀ ಓಣಿಯ ಕಡತಗಳನ್ನು ನೋಡಿಕೊಳ್ಳುವವನು, ಗೇಟಿನಲ್ಲೇ ಇದ್ದ.

"ಎಂತ ಮಾಷ್ಟ್ರೇ, ಬೆಳಿಗ್ಗೆ ಬೆಳಿಗ್ಗೆ ಓಡುವುದು? ಗ್ಯಾಸ್ ಲೀಕಾ?"

"ಒಂದು ಗಂಡು ಹೂವು ಬೇಕಿತ್ತು ಮಾರಾಯ್ರೇ. ಚೀನಿಕಾಯಿದ್ದು. ಅರ್ಜೆಂಟ್."

ಮಹಾಲಿಂಗ ಹಿತ್ತಿಲಿಗೆ ಹೋಗಿ ಬೆರಳುಗುರಿನಷ್ಟು ದೊಡ್ಡ ಹೂವೊಂದನ್ನು ತಂದುಕೊಟ್ಟ.

"ಇದು ಸೌತೆಯದ್ದಲ್ವಾ?"

"ಹಳದಿ ಉಂಟಲ್ಲ! ಸ್ವಲ್ಪ ಸಣ್ಣ, ಅಷ್ಟೇ."

"ಜಾತಿ ಬೇರೆ. ಹಿಡಿಯುವುದಿಲ್ಲ."

"ಅಯ್ಯೋ ದೇವರೇ, ಹೂವಿಗೂ ಜಾತಿ ಕೇಳುತ್ತೀರಾ? ಮಕ್ಕಳಿಗೆ ಕಲಿಸುವವರು ನೀವು!" ಎಂದು ಮಹಾಲಿಂಗ ನೊಂದುಕೊಂಡ. ಮತ್ತೆ ತಾನೇ ದನಿ ತಗ್ಗಿಸಿ, "ಬೆನ್ನಿಯಲ್ಲಿ ಕೇಳಿ. ಅವನ ಟೆರೇಸಿನಲ್ಲಿ ದಿನಾ ಗಂಡು ಹೂವುಗಳ ಮೀಟಿಂಗ್ ಉಂಟು," ಎಂದ.

ಅದು ಮಾಷ್ಟ್ರಿಗೂ ಗೊತ್ತಿತ್ತು. ಬೆನ್ನಿಯದು ಅವರ ಮನೆಗೆ ಅಂಟಿಕೊಂಡ ಮನೆ. ಎರಡು ತಾರಸಿಗಳ ನಡುವೆ ಸೊಂಟದೆತ್ತರದ ಗೋಡೆ, ಅದರ ಮೇಲೆ ಎರಡೂ ಬದಿಗೆ ಚಾಚಿಕೊಂಡ ಒಂದೇ ಚಪ್ಪರ. ಇಬ್ಬರೂ ಒಂದೇ ವಾರ ಚೀನಿಕಾಯಿ ಬೀಜ ಹಾಕಿದವರು. ಆದರೆ ಬೆನ್ನಿ ಗೊಬ್ಬರಕ್ಕೆಂದು ಮೀನು ತೊಳೆದ ನೀರು ಹೊಯ್ಯತೊಡಗಿದ. ಮೀನು ತಿನ್ನದ ಮಾಷ್ಟ್ರು ವಾಸನೆ ತಾಳಲಾರದೆ ಪಂಚಾಯತಿಗೆ ಅರ್ಜಿ ಕೊಟ್ಟರು. ಅಂದಿನಿಂದ ಮಾತಿಲ್ಲ.

ಕಾಲಿಂಗ್ ಬೆಲ್ ಒತ್ತಿದರೆ ಯಾರೂ ಬರಲಿಲ್ಲ. "ಇಗರ್ಜಿಗೆ, ಆದಿತ್ಯವಾರದ ಪೂಜೆಗೆ ಹೋದರು, ಎಂಟು ಗಂಟೆಯಾಗುತ್ತದೆ," ಎಂದು ಮಹಾಲಿಂಗ ಓಣಿಯಿಂದಲೇ ಕೂಗಿದ.

ಏಳೂವರೆಯವರೆಗೆ ಮಾಷ್ಟ್ರು ಕಾದರು. ಹೂವಿನ ಒಂದು ದಳದ ಅಂಚು ಆಗಲೇ ಸುಕ್ಕಾಗುತ್ತಿತ್ತು. ನಡುಗೋಡೆಯ ಮೇಲೆ ಬಲಗಾಲು ಹಾಕಿದರು. ಆಚೆಯ ಎಲೆಗಳ ಮರೆಯಲ್ಲಿ ಇದ್ದೇ ಇರುತ್ತದೆ; ಒಂದೇ ಹೂವು, ಅದೂ ವಿಜ್ಞಾನಕ್ಕಾಗಿ. ಎಡಗಾಲು ಎತ್ತುವಷ್ಟರಲ್ಲಿ ಲುಂಗಿ ಚಪ್ಪರದ ಪೈಪಿನ ಕ್ಲ್ಯಾಂಪಿಗೆ ಸಿಕ್ಕಿಕೊಂಡಿತು.

"ಬಲಗಾಲು ಇನ್ನೂ ಸ್ವಲ್ಪ ಆಚೆ, ಮಾಷ್ಟ್ರೇ!" ಕೆಳಗಿನಿಂದ ಮಹಾಲಿಂಗನ ಮಾರ್ಗದರ್ಶನ ಶುರುವಾಯಿತು. "ಹಾಂ, ಈಗ ಲುಂಗಿ ಬಿಡಿ! ಅಯ್ಯಯ್ಯೋ, ಪೂರ್ತಿ ಬಿಡಬೇಡಿ!"

ಓಣಿಯ ಕಿಟಕಿಗಳೆಲ್ಲ ತೆರೆದವು. ಮಾಷ್ಟ್ರು ಕುದುರೆಯಿಲ್ಲದ ಸವಾರನ ಹಾಗೆ ಗೋಡೆಯ ಮೇಲೆ ಅರ್ಧ ಗಂಟೆ ಕುಳಿತರು. ಎಂಟಕ್ಕೆ ಬೆನ್ನಿಯ ಹೆಂಡತಿ ಕಾರ್ಮಿನ್ ಇಗರ್ಜಿಯ ಸೀರೆಯಲ್ಲೇ ಮೇಲೆ ಬಂದಳು.

"ನಮ್ಮ ಮನೆಗೆ ಗೇಟ್ ಉಂಟಲ್ಲ, ಮಾಷ್ಟ್ರೇ?"

ಮಾಷ್ಟ್ರು ಗೋಡೆಯ ಮೇಲಿಂದಲೇ ವಿಷಯ ಹೇಳಿದರು. ಕಾರ್ಮಿನ್‌ಗೆ ಪಾಪ ಅನ್ನಿಸಿತು, ಕ್ಲ್ಯಾಂಪಿನಿಂದ ಲುಂಗಿ ಬಿಡಿಸಿದಳು. "ಆದರೆ ಹೂವೆಲ್ಲ ಪೂಜೆಗೆ ಹೋಗುವ ಮೊದಲೇ ಕೊಯ್ದೆನಲ್ಲ. ಎಣ್ಣೆಯಲ್ಲಿ ಕಾಯಿಸಲಿಕ್ಕೆ. ಹಿಟ್ಟಿನಲ್ಲಿ ಮುಳುಗಿಸಿಟ್ಟಾಯ್ತು."

ಇಬ್ಬರೂ ಅಡಿಗೆಮನೆಗೆ ಓಡಿದರು. ಅಕ್ಕಿಹಿಟ್ಟಿನ ಪಾತ್ರೆಯಲ್ಲಿ ಹದಿನಾಲ್ಕು ಗಂಡು ಹೂವುಗಳು ತೇಲುತ್ತಿದ್ದವು.

"ಒಳಗಿನ ಕೇಸರ ಎಲ್ಲಿ?" ಮಾಷ್ಟ್ರು ಪಾತ್ರೆಯ ಮೇಲೆ ಬಗ್ಗಿ ಕೇಳಿದರು. "ನಡುವೆ ಒಂದು ಹಳದಿ ಕಡ್ಡಿ ಇರುತ್ತದಲ್ಲ, ಅದು?"

"ಅದು ಕಹಿ. ತೆಗೆದು ಬಾಲ್ದಿಗೆ ಹಾಕಿದೆ."

ಬಾಲ್ದಿ ಬಾಗಿಲ ಮೂಲೆಯಲ್ಲಿತ್ತು. ನಿನ್ನೆ ಸಂಜೆಯ ಬಂಗುಡೆ ಮೀನಿನ ತಲೆ, ಕರುಳು, ತೊಳೆದ ನೀರು, ಯಾವ ಬಾಲ್ದಿಯ ಮೇಲೆ ಅರ್ಜಿ ಹೋಗಿತ್ತೋ ಅದೇ ಬಾಲ್ದಿ. ಅದರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಬೆನ್ನಿ ಕುಳಿತಿದ್ದ.

"ಮೂರು ತಿಂಗಳಾಯ್ತು ನೀವು ಈ ಮನೆಗೆ ಕಾಲಿಡದೆ," ಎಂದ ಬೆನ್ನಿ. "ಬನ್ನಿ, ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಒಂದು ಕಾಗದ. 'ಮೀನಿನ ನೀರಿನಿಂದ ನನಗೆ ಯಾವ ತೊಂದರೆಯೂ ಇಲ್ಲ, ಅರ್ಜಿ ವಾಪಸ್.' ಕೆಳಗೆ ಸೈನ್."

ಎಂಟು ಗಂಟೆ ಇಪ್ಪತ್ತು ನಿಮಿಷ. ಮಾಷ್ಟ್ರು ಬರೆದರು, ಸೈನ್ ಹಾಕಿದರು. ಮತ್ತೆ ತೋಳು ಮಡಚಿ, ಮೂಗು ಹಿಡಿದು, ಕಣ್ಣುಮುಚ್ಚಿ ಬಾಲ್ದಿಗೆ ಕೈಹಾಕಿದರು. ಒದ್ದೆಯಾದ ಪರಾಗ ಕೆಲಸಕ್ಕೆ ಬಾರದು. ಹನ್ನೆರಡು ಕೇಸರಗಳು ನೀರಿನಲ್ಲಿ ಹಾಳಾಗಿದ್ದವು, ಹದಿಮೂರನೆಯದು ಬಂಗುಡೆಯ ಬಾಯೊಳಗಿತ್ತು. ಹದಿನಾಲ್ಕನೆಯದು ಮಾತ್ರ ಬಾಲ್ದಿಯ ಅಂಚಿಗೆ ಅಂಟಿಕೊಂಡು ಒಣಗಿಯೇ ಉಳಿದಿತ್ತು. ಅದನ್ನು ಅಂಗೈಯಲ್ಲಿ ದೀಪದ ಹಾಗೆ ಮುಚ್ಚಿಕೊಂಡು ತಮ್ಮ ಮನೆಯ ಮೆಟ್ಟಿಲು ಹತ್ತಿದರು. ಹಿಂದೆ ಬೆನ್ನಿ, ಕಾರ್ಮಿನ್, ಓಣಿಯಲ್ಲಿ ಸೇರಿಕೊಂಡ ಮಹಾಲಿಂಗ.

ಎಂಟು ಗಂಟೆ ಐವತ್ತೆರಡು ನಿಮಿಷಕ್ಕೆ ಕೇಸರ ಹೆಣ್ಣು ಹೂವನ್ನು ಮುಟ್ಟಿತು. ಮೂರು ಸಲ, ಮೆತ್ತಗೆ. ಮಹಾಲಿಂಗ ಚಪ್ಪಾಳೆ ತಟ್ಟಿದ. ವಸುಮತಿ ಬಗ್ಗಿ ಎಳೆಕಾಯಿಯನ್ನು ನೋಡಿದಳು, ಗಂಡನ ಕೈಯ ವಾಸನೆಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಆಯ್ತು, ಇದನ್ನು ಕಾಯಿ ಅಂತ ಒಪ್ಪುತ್ತೇನೆ. ಶೀಟು ಬೇಡ," ಎಂದಳು.

ಮಾಷ್ಟ್ರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಟೇಪು ಹಿಡಿದುಕೊಂಡು ಪ್ರವೀತ್ ಮೇಲೆ ಬಂದ. ಕೆಲಸ ಇಲ್ಲವೆಂದು ಕೇಳಿ ಅವನ ಮುಖ ಸಪ್ಪಗಾಯಿತು. ಬಂದದ್ದಕ್ಕೆ ಕಾಯಿಯನ್ನಾದರೂ ನೋಡಿದ. ಶೀಟಿನ ಕೆಲಸದವನಲ್ಲವೇ, ಯಾವುದು ಎಲ್ಲಿಂದ ಆಧಾರ ತೆಗೆದುಕೊಂಡಿದೆ ಎಂದು ನೋಡುವುದು ಅವನ ಅಭ್ಯಾಸ. ಬಳ್ಳಿಯನ್ನು ಕೈಯಿಂದ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದ. ಎಲೆಗಳ ಅಡಿಯಿಂದ ಅದು ನಡುಗೋಡೆ ದಾಟಿತು.

"ಸರ್, ಇದರ ಬುಡ ಆಚೆ ಆ ನೀಲಿ ಡ್ರಮ್ಮಿನಲ್ಲಿ ಉಂಟಲ್ಲ?"

"ನೀಲಿ ಡ್ರಮ್ ನನ್ನದು," ಎಂದ ಬೆನ್ನಿ.

ಮಾಷ್ಟ್ರು ತಾವು ಬೀಜ ಹಾಕಿದ ಸಿಮೆಂಟು ಗೋಣಿಯ ಹತ್ತಿರ ಧಾವಿಸಿ, ಅದರಿಂದ ಹೊರಟ ಬಳ್ಳಿಯನ್ನು ಹಿಡಿದು ಹೊರಟರು. ಅದು ನೇರ ಚಪ್ಪರ ಹತ್ತಿ, ಗೋಡೆ ದಾಟಿ, ಬೆನ್ನಿಯ ತಾರಸಿಯ ತುಂಬ ಹರಡಿತ್ತು. ಉದ್ದಕ್ಕೂ ಇವತ್ತು ಬೆಳಿಗ್ಗೆ ಹೂವು ಕೊಯ್ದ ತೊಟ್ಟುಗಳು. ಎಲ್ಲವನ್ನೂ ಅಳೆದ ಮಾಷ್ಟ್ರು ಬಳ್ಳಿ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

"ಅಂದರೆ ನಾನು ಇಷ್ಟು ದಿನ ಕಾಯಿಸಿ ತಿಂದದ್ದೆಲ್ಲ ಮಾಷ್ಟ್ರ ಹೂವಾ!" ಎಂದಳು ಕಾರ್ಮಿನ್.

"ಕಾಯಿ ನಮ್ಮದಾ!" ಎಂದ ಬೆನ್ನಿ.

"ಪರಾಗ ನನ್ನದು!" ಎಂದರು ಮಾಷ್ಟ್ರು. "ತಂದೆ ನಮ್ಮ ಕಡೆಯವನು!"

"ಹಾಗಾದರೆ ಅರ್ಧ ಕಾಯಿ ನಿಮ್ಮದೇ," ಎಂದು ಮಹಾಲಿಂಗ ತೀರ್ಪು ಕೊಟ್ಟ. "ಎಂತ, ಸರಿಯಲ್ವಾ ಮಾಷ್ಟ್ರೇ?"

ಮಾಷ್ಟ್ರಿಗೆ ಸುಳ್ಳು ಹೇಳಲು ಆಗಲಿಲ್ಲ. "ಇಲ್ಲ," ಎಂದರು ಮೆಲ್ಲನೆ. "ತಿರುಳೆಲ್ಲ ತಾಯಿ ಬಳ್ಳಿಯದ್ದೇ. ಪರಾಗದ ಪಾಲು ಬೀಜದೊಳಗೆ ಮಾತ್ರ."

"ಬೀಜ ಕೊಡುವ, ಬೀಜ ಕೊಡುವ," ಎಂದ ಬೆನ್ನಿ ದೊಡ್ಡ ಮನಸ್ಸಿನಿಂದ.

ವಸುಮತಿ ಪ್ರವೀತನ ಕಡೆ ತಿರುಗಿದಳು. "ನಾನು ಹೇಳಿದ್ದು ನಮ್ಮ ಗಿಡದ ಕಾಯಿ. ಟೇಪು ಬಿಡಿಸು."

"ಅಕ್ಕ, ಒಂದು ನಿಮಿಷ," ಎಂದ ಬೆನ್ನಿ. "ನಮ್ಮ ಕಾಯಿಗೆ ಬಿಸಿಲು ಬೇಕಲ್ಲ? ಅದರ ಮೇಲೆ ಶೀಟು ಬೇಡ."

"ನಿಮ್ಮ ಕಾಯಿಗೆ ಎಂತಕ್ಕೆ ತೊಂದರೆ ಮಾಡಲಿ? ಅಷ್ಟು ಜಾಗ ಬಿಟ್ಟು ಹಾಕು, ಪ್ರವೀತ್."

"ಮತ್ತೆ ಮಾಷ್ಟ್ರೇ, ಕಾಯಿ ನಿಮ್ಮ ಕಡೆ ಇರುವ ಕಾರಣ ನೀವೇ ನೋಡಿಕೊಳ್ಳಬೇಕು. ನಿಮ್ಮಷ್ಟು ಶಾಸ್ತ್ರ ನನಗೆ ಗೊತ್ತಿಲ್ಲ. ದಿನಾ ಬೆಳಿಗ್ಗೆ ಒಂದು ಬಾಲ್ದಿ ಗೊಬ್ಬರದ ನೀರು ಮೇಲೆ ತಂದಿಡುತ್ತೇನೆ." ಬೆನ್ನಿ ಕಿಸೆಯ ಕಾಗದವನ್ನು ತಟ್ಟಿದ. "ನಿಮಗೆ ಯಾವ ತೊಂದರೆಯೂ ಇಲ್ಲ ಅಂತ ಬರೆದುಕೊಟ್ಟಿದ್ದೀರಲ್ಲ."

ಪ್ರವೀತ್ ಟೇಪಿನ ಒಂದು ತುದಿಯನ್ನು ಮಾಷ್ಟ್ರ ಕೈಗೆ ಕೊಟ್ಟ. ಅವರು ಹಿಡಿದುಕೊಂಡರು. ಅವನು ಆ ಮೂಲೆಯಿಂದ ಈ ಮೂಲೆಗೆ ನಡೆದು, ಬಗ್ಗಿ ಎದ್ದು, ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಕೂಡಿಸಿ ಕಳೆದು, ಎಲ್ಲರಿಗೂ ಕೇಳುವಂತೆ ಓದಿದ.

"ಉದ್ದ ಇಪ್ಪತ್ತೆಂಟು ಅಡಿ, ಅಗಲ ಹತ್ತೊಂಬತ್ತೂವರೆ. ಒಟ್ಟು ಐನೂರ ನಲವತ್ತಾರು. ಬೆನ್ನಿಯಣ್ಣನ ಕಾಯಿಗೆ ಬಿಟ್ಟದ್ದು ಆರಕ್ಕೆ ನಾಲ್ಕು, ಇಪ್ಪತ್ತನಾಲ್ಕು. ಶೀಟು ಐನೂರ ಇಪ್ಪತ್ತೆರಡು ಚದರ ಅಡಿ."