ಚಿಟ್ಟೆ, ಎರಡಕ್ಷರ

ಅಂಗಿಯ ಗುಂಡಿ ತಾನಾಗಿ ಕಿತ್ತುಹೋಗುವುದು ಬೇರೆ, ನಾವೇ ಕೀಳುವುದು ಬೇರೆ. ಮೊದಲನೆಯದು ಎಲ್ಲರಿಗೂ ಆಗುವಂಥದ್ದು. ಎರಡನೆಯದನ್ನು ಮಾಡಿದವನು ಈ ಮಾದಾಪುರದಲ್ಲಿ ಬಹುಶಃ ನಾನೊಬ್ಬನೇ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಗಡ್ಡದ ಬ್ಲೇಡಿನಿಂದ ಸ್ವಂತ ಅಂಗಿಯ ಗುಂಡಿ ಕತ್ತರಿಸುತ್ತಿದ್ದೆ ಎಂದರೆ ನನಗೆ ತಲೆ ಸರಿಯಿಲ್ಲ ಎಂದು ನೀವು ತಿಳಿಯಬಹುದು. ತಲೆ ಸರಿಯಾಗಿಯೇ ಇತ್ತು. ಅದರೊಳಗೆ ಪದಗಳು ಸಾಲದಿದ್ದುದೇ ತೊಂದರೆ.

ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. ಹೊರಗಿನವರು ಇದನ್ನು ಕೇಳಿದ ಕೂಡಲೇ ಕೈ ಮುಗಿದು, ಏನೇನು ಬರೆದಿದ್ದೀರಿ ಎಂದು ವಿಚಾರಿಸುತ್ತಾರೆ. ಎಸ್ಟೇಟಿನ ರೈಟರ್ ಎಂದರೆ ಬೆಳಿಗ್ಗೆ ಕೂಲಿಯಾಳುಗಳ ಲೈನುಮನೆಗಳ ಮುಂದೆ ನಿಂತು ಹಾಜರಿ ಹಾಕುವವನು. ನನ್ನ ಸಮಗ್ರ ಕೃತಿಗಳೆಂದರೆ ಜನರ ಹೆಸರು, ಹೆಸರಿನ ಮುಂದೆ ಒಂದು ಗೀಟು. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಎರಡನೆಯ ಪ್ರಯತ್ನದಲ್ಲಿ. ಆದರೂ ಜನ ಹಾಗೆ ಕೈ ಮುಗಿದಾಗ ನಾನು ತಿದ್ದುತ್ತಿರಲಿಲ್ಲ. ನನ್ನ ಪತನ ಅಲ್ಲಿಂದಲೇ ಶುರುವಾಗಿರಬೇಕು.

ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಕಳೆಯಲು ಬಸ್ಸು ನಿಲ್ಲುವ ಕಡೆ ಇರುವ ಮೊಯ್ದು ಕಾಕನ ಹೋಟೆಲಿಗೆ ಹೋಗತೊಡಗಿದೆ. ಅಲ್ಲಿ ಪೇಪರಿನ ಪದಬಂಧಕ್ಕೆ ಒಬ್ಬ ಯಜಮಾನರಿದ್ದರು, ನಿವೃತ್ತ ಹೆಡ್‌ಮಾಸ್ತರು ಸುಬ್ರಾಯರು. ಅವರು ಪೆನ್ಸಿಲಿನಲ್ಲಿ ತುಂಬಿಸುತ್ತಾರೆ, ರಬ್ಬರಿನಲ್ಲಿ ಅಳಿಸುತ್ತಾರೆ, ಹಣೆ ಉಜ್ಜಿಕೊಳ್ಳುತ್ತಾರೆ. ಒಂದು ದಿನ ನಾನು ಪಕ್ಕದಿಂದ ಇಣುಕಿ, ಇದು ಹೀಗಲ್ಲವೇ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಇದು ಹಾಜರಿ ಪುಸ್ತಕ ಅಲ್ಲ ರೈಟರೇ" ಎಂದರು. ಕಾಕ ನಕ್ಕ. ಚಹಾ ಕುಡಿಯುತ್ತಿದ್ದ ಕಂಡಕ್ಟರನೂ ನಕ್ಕ. ನಾನೂ ನಕ್ಕೆ, ಆದರೆ ಮನೆಗೆ ಹೋಗುವವರೆಗೂ ಆ ಮಾತು ಕಾಲಿಗೆ ಕಚ್ಚಿದ ಜಿಗಣೆಯ ಹಾಗೆ ಬಿಡಲಿಲ್ಲ.

ಮರುದಿನದಿಂದ ಮನೆಗೂ ಒಂದು ಪೇಪರು ಹಾಕಿಸಿಕೊಂಡೆ. ಮನೆಯಲ್ಲೇ ಪದಬಂಧ ಬಿಡಿಸಿ, ಉತ್ತರ ಬಾಯಿಪಾಠ ಮಾಡಿಕೊಂಡು, ಹೋಟೆಲಿನ ಪೇಪರನ್ನು ಆಗ ತಾನೇ ಕಂಡವನಂತೆ ಬಿಡಿಸಿ, ಪೆನ್ನಿನಲ್ಲಿ, ಹೌದು, ಪೆನ್ನಿನಲ್ಲಿ, ಸರಸರ ತುಂಬಿಸುವುದು ನನ್ನ ಯೋಜನೆ. ಯೋಜನೆಯಲ್ಲಿ ಒಂದೇ ಕೊರತೆ. ಮನೆಯಲ್ಲೂ ನನಗೆ ಉತ್ತರ ಹೊಳೆಯುತ್ತಿರಲಿಲ್ಲ.

ಹೊಳೆಯುತ್ತಿದ್ದುದು ಟೈಲರ್ ಜಾನಕಿಯವರಿಗೆ. ಕಾಕನ ಹೋಟೆಲಿಗೂ ಅವರ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ ಮಾತ್ರ. ತವರು ಸಂಪಾಜೆ ಕಡೆ, ಮನೆಯಲ್ಲಿ ಆಡುವುದು ಅರೆಭಾಷೆ. ಓದಿದ್ದು ಏಳನೆಯ ಕ್ಲಾಸು. ಒಂದು ದಿನ ನಿಜವಾಗಿಯೇ ಗುಂಡಿ ಹೋಗಿ ಅಲ್ಲಿ ಕೂತಿದ್ದಾಗ, ಕೋಲಿನ ತುದಿಗೆ ಹಾಕುವ ಲೋಹದ ಬಳೆ ಯಾವುದಪ್ಪಾ ಎಂದು ನನ್ನಷ್ಟಕ್ಕೆ ಗೊಣಗಿದೆ. ಅವರು ಸೂಜಿಯಿಂದ ಕಣ್ಣೆತ್ತದೆ, "ಅಣಸು" ಎಂದರು. ಮನೆಗಳನ್ನು ಎಣಿಸಿದೆ. ಮೂರಕ್ಷರ. ಸರಿಯಾಗಿ ಕೂತಿತು.

ಆಮೇಲೆ ನನ್ನ ಅಂಗಿಗಳಿಗೆ ಕೇಡುಗಾಲ ಬಂತು. ಸುಮ್ಮನೆ ಹೋಗಿ ಕೇಳಿದರೆ ನನ್ನ ಗುಟ್ಟು ಬಯಲಾಗುತ್ತದಲ್ಲ? ಹಾಗಾಗಿ ವಾರಕ್ಕೆ ನಾಲ್ಕು ದಿನ ಒಂದೊಂದು ಗುಂಡಿ ಕೀಳುವುದು, ಅವರು ಹೊಲಿಯುವಾಗ ಲೋಕಾಭಿರಾಮದ ಹಾಗೆ ಪ್ರಶ್ನೆ ಹಾಕುವುದು. "ಎಂತ ರೈಟ್ರೇ, ಪುನಃ ಗುಂಡಿಯಾ?" ಎಂದು ಅವರು ಕೇಳುವರು. ನಾನು ಈಗಿನ ದಾರದ ಗುಣಮಟ್ಟವನ್ನು ಬೈಯುವೆ. ಅತ್ತ ಮನೆಯಲ್ಲಿ ನನ್ನ ಹೆಂಡತಿ ಗಿರಿಜೆ ಒಗೆಯುವ ಕಲ್ಲನ್ನು ಬೈದಳು, ಆಮೇಲೆ ಸೋಪನ್ನು ಬೈದಳು, ಕೊನೆಗೆ ಸೋಪನ್ನೇ ಬದಲಾಯಿಸಿದಳು. ಪ್ರಶ್ನೆಗಳನ್ನು ಮರೆಮಾಚುವುದೂ ಸುಲಭವಲ್ಲ. 'ಗಂಡನ ತಂಗಿ' ಎಂದು ಪೇಪರಿನಲ್ಲಿತ್ತು. ನಾನು ಅವರ ಗಂಡನ ತಂಗಿಯ ಕ್ಷೇಮ ವಿಚಾರಿಸಿದೆ. 'ನಾದಿನಿ' ಎಂಬ ಪದ ಅರ್ಧ ನಿಮಿಷದಲ್ಲೇ ಸಿಕ್ಕಿತು. ಉಳಿದ ಅರ್ಧ ಗಂಟೆ ಆ ನಾದಿನಿ ಒಂದು ಹಿತ್ತಾಳೆ ಚೆಂಬಿನ ವಿಷಯದಲ್ಲಿ ಮಾಡಿದ ಅನ್ಯಾಯವನ್ನು ಕೇಳಬೇಕಾಯಿತು.

ಆದರೆ ಹೋಟೆಲಿನಲ್ಲಿ ನನ್ನ ವೈಭವ ನೋಡಬೇಕಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದರೆ ಕಾಕ ರೇಡಿಯೊ ಸಣ್ಣ ಮಾಡುತ್ತಿದ್ದ. ಮಾಸ್ತರರು ಪೆನ್ಸಿಲು ಜೇಬಿಗೆ ಹಾಕಿಕೊಂಡರು. "ರೈಟರ್ ಅಂದ್ರೆ ಸುಮ್ನೆ ಅಲ್ಲ" ಎಂದು ಕಂಡಕ್ಟರ ಪ್ರಯಾಣಿಕರಿಗೆ ನನ್ನನ್ನು ತೋರಿಸುತ್ತಿದ್ದ. ಮೂರು ವರ್ಷ ಹೀಗೆ ನಡೆಯಿತು.

ಆ ದಿನದ ಸುಳಿವು ಹೀಗಿತ್ತು: 'ಮನೆಯ ಮುಂದೆ ಕುಳಿತು ಹರಟಲು ಇದು ಬೇಕು'. ಎರಡಕ್ಷರ. ವಿಚಿತ್ರವೆಂದರೆ ನನಗೇ ಉತ್ತರ ಹೊಳೆದಿತ್ತು, 'ಕಟ್ಟೆ' ಎಂದು. ಆದರೆ ನನಗೆ ಹೊಳೆದದ್ದು ಸರಿ ಇರಲು ಹೇಗೆ ಸಾಧ್ಯ? ಗುಂಡಿ ಕಿತ್ತುಕೊಂಡು ಹೋದೆ. ನಿಮ್ಮ ತವರಿನಲ್ಲಿ ಮನೆ ಮುಂದೆ ಎಲ್ಲಿ ಕೂತು ಮಾತಾಡುತ್ತಿದ್ದಿರಿ ಎಂದು ಕೇಳಿದೆ. "ಚಿಟ್ಟೆಯಲ್ಲಿ" ಎಂದರು. ಎರಡಕ್ಷರ. ಎಷ್ಟಾದರೂ ಜಾನಕಮ್ಮ ಎಂದುಕೊಂಡು ನನ್ನ ಕಟ್ಟೆಯನ್ನು ಕೆಡವಿದೆ.

ಹೋಟೆಲಿನಲ್ಲಿ ಪೆನ್ನು ತೆಗೆದು ಅಡ್ಡಸಾಲಿನಲ್ಲಿ 'ಚಿಟ್ಟೆ' ಬರೆದೆ. ಅದರ ಮೊದಲ ಮನೆಯಿಂದಲೇ ಕೆಳಕ್ಕೆ ಇಳಿಯುವ ಪದಕ್ಕೆ 'ಸಮುದ್ರ' ಎಂದು ಸುಳಿವು. ಕಡಲು ಎಂದು ಬಾಯಿಪಾಠವಾಗಿತ್ತು. ಮೊದಲ ಮನೆ ಹೇಗೂ ತುಂಬಿದೆಯಲ್ಲ ಎಂದು ನೋಡದೆಯೇ ಅದರ ಕೆಳಗೆ ಡ, ಲು ಎಂದು ಬರೆದು ಮುಚ್ಚಳ ಹಾಕಿದೆ.

ಮಾಸ್ತರರು ಪೇಪರನ್ನು ತಮ್ಮ ಕಡೆ ಎಳೆದುಕೊಂಡರು. ಬಹಳ ಹೊತ್ತು ನೋಡಿದರು. "ರೈಟರೇ, ಈ ಚಿಡಲು ಯಾವ ಸಮುದ್ರ? ಬಂಗಾಳಕೊಲ್ಲಿಯ ಆಚೆಗೋ?" ಎಂದರು. ನಾನು ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ. ಅವರು ಬಿಡಲಿಲ್ಲ. "ಮನೆ ಮುಂದಿನ ಕಟ್ಟೆಗೆ ಚಿಟ್ಟೆ ಅನ್ನೋದು ಸಂಪಾಜೆ, ಸುಳ್ಯದ ಕಡೆಯವರು. ನೀವು ಶನಿವಾರಸಂತೆಯವರು. ನಿಮ್ಮೂರಲ್ಲಿ ಚಿಟ್ಟೆ ಅಂದ್ರೆ ಹೂವಿನ ಮೇಲೆ ಕೂರೋದು, ಅದರ ಮೇಲೆ ಜನ ಕೂರಲ್ಲ. ಇದು ಎಲ್ಲಿಂದ ಹಾರಿ ಬಂತು?"

ಕಾಕ ಗಲ್ಲ ಕೆರೆದುಕೊಂಡು, ಪಕ್ಕದ ಜಾನಕಿ ಚಿಟ್ಟೆ ಎನ್ನುವುದನ್ನು ತಾನು ಕೇಳಿದ್ದೇನೆ ಎಂದ.

ಈಗ ನಾನು ತಪ್ಪೊಪ್ಪಿಕೊಳ್ಳಬೇಕಾದ ನಿಜವಾದ ವಿಷಯಕ್ಕೆ ಬರುತ್ತೇನೆ. ಗುಂಡಿಗಳದ್ದು ಹುಡುಗಾಟ, ಅದನ್ನು ದೇವರು ಕ್ಷಮಿಸಿಯಾನು. ಆ ಕ್ಷಣದಲ್ಲಿ ನಾನು ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಟೈಲರಮ್ಮನಿಗೂ ಪದಬಂಧಕ್ಕೂ ಏನು ಸಂಬಂಧ? ಅವರಿಗೆ ಗೊತ್ತಿರೋದು ಕಾಜ, ಗುಂಡಿ ಅಷ್ಟೆ" ಎಂದುಬಿಟ್ಟೆ.

ಹಲಗೆಯ ಆಚೆ ಹೊಲಿಗೆ ಮೆಷಿನ್ನು ನಿಂತಿತು.

ಅದು ಮತ್ತೆ ಶುರುವಾಗುವುದನ್ನು ಕಾಯುತ್ತ ಕೂತೆ. ಆಗಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬಂದೆ. ಮೂರು ವರ್ಷ ನನ್ನ ಮಾನ ಕಾಯ್ದ ಹೆಂಗಸಿನ ಮಾನವನ್ನು ನಾನು ಒಂದು ಚಹಾದ ಹೊತ್ತು ಕಾಯಲಿಲ್ಲವಲ್ಲ ಎಂದು ಅನ್ನ ಸೇರಲಿಲ್ಲ. ಗಿರಿಜೆ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕೊಟ್ಟಳು. ಕುಡಿದೆ. ಶಿಕ್ಷೆಯ ಲೆಕ್ಕದಲ್ಲಿ ಅದೂ ಇರಲಿ ಎಂದು.

ಮರುದಿನ ಎಲ್ಲ ಗುಂಡಿಗಳೂ ಇದ್ದ ಅಂಗಿ ತೊಟ್ಟು ಅಂಗಡಿಯ ಮೆಟ್ಟಿಲ ಬಳಿ ನಿಂತೆ. ಅವರು ಹಳೆಯ ಪೇಪರನ್ನು ಹಾಸಿ ರವಿಕೆಯ ಅಳತೆ ಗೀಚಿ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಹೊಲಿಲಿಕ್ಕೆ ಎಂತ ಉಂಟು?" ಎಂದರು. ಏನೂ ಇಲ್ಲ, ಹೇಳಲಿಕ್ಕಿದೆ ಎಂದು ಎಲ್ಲವನ್ನೂ ಹೇಳಿದೆ. ಬ್ಲೇಡಿನ ವಿಷಯವನ್ನೂ ಬಿಡಲಿಲ್ಲ.

ಅವರು ಕತ್ತರಿ ಕೆಳಗಿಟ್ಟು, ರವಿಕೆಯ ತೋಳಿನ ಆಕಾರದ ಪೇಪರನ್ನು ನನ್ನ ಕೈಗೆ ಕೊಟ್ಟರು. ತೋಳಿನ ನಡುವೆ ಹಳೆಯದೊಂದು ಪದಬಂಧ, ಪೂರ್ತಿ ತುಂಬಿಸಿದ್ದು. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ.

"ಗುಂಡಿ ಸವೆದು ಹೋದದ್ದಾ, ಕೊಯ್ದದ್ದಾ ಅಂತ ಟೈಲರಿಗೆ ಗೊತ್ತಾಗುದಿಲ್ವ ರೈಟ್ರೇ? ಪದಬಂಧಕ್ಕೆ ಅಂತ ಕೇಳಿದ್ರೆ ನಾನು ಕಟ್ಟೆ ಅಂತಲೇ ಹೇಳ್ತಿದ್ದೆ. ನೀವು ನನ್ನ ತವರು ಮನೆ ವಿಷಯ ಕೇಳಿದ್ರಿ. ಇದ್ದದ್ದನ್ನು ಹೇಳಿದೆ."

ಇನ್ನೇನು ಮಾಡಲಿ ಎಂದು ಕೇಳಿದೆ.

"ಅಲ್ಲಿ ಹೋಗಿ ಹೇಳಿ. ಮೆಲ್ಲ ಹೇಳ್ಬೇಡಿ, ಇಲ್ಲಿಗೆ ಕೇಳ್ಬೇಕು."

ಹೋಗಿ ಹೇಳಿದೆ. ಹಾಜರಿ ಕೂಗುತ್ತಿದ್ದ ಗಂಟಲು, ಬಸ್ಸಿನೊಳಗಿದ್ದವರೂ ತಿರುಗಿ ನೋಡಿದರು. ಹೇಳಿ ಮುಗಿದ ಮೇಲೆ ಹಲಗೆಯ ಆಚೆ ಮೆಷಿನ್ನು ಟಕಟಕ ಎಂದು ಶುರುವಾಯಿತು. ಅಷ್ಟು ಇಂಪಾದ ಸದ್ದನ್ನು ನಾನು ಈಚೆಗೆ ಕೇಳಿಲ್ಲ.

ಈಗ ಪದಬಂಧ ಗೋಡೆಯ ಮೂಲಕ ನಡೆಯುತ್ತದೆ. ಮಾಸ್ತರರು ಸುಳಿವು ಓದುತ್ತಾರೆ, ಆಚೆಯಿಂದ ಉತ್ತರ ಬರುತ್ತದೆ, ಒಮ್ಮೊಮ್ಮೆ ಇಬ್ಬರಿಗೂ ಜಗಳವಾಗುತ್ತದೆ. ಅಕ್ಷರ ದುಂಡಗಿದೆ ಎಂದು ಪೆನ್ನನ್ನು ನನಗೇ ಬಿಟ್ಟಿದ್ದಾರೆ. ಬೇರೆಯವರು ಹೇಳಿದ್ದನ್ನು ಮನೆ ನೋಡಿ ತುಂಬಿಸುವುದು ನನ್ನ ಕೆಲಸ. ಅಂದರೆ ಮತ್ತೆ ಎಸ್ಟೇಟಿನ ರೈಟರೇ ಆದೆ.

ಗಿರಿಜೆಗೆ ಮಾತ್ರ ಇನ್ನೂ ಹೇಳಿಲ್ಲ. ಗುಂಡಿಗಳು ನಿಂತದ್ದು ತಾನು ಬದಲಾಯಿಸಿದ ಸೋಪಿನಿಂದ ಎಂದು ಅವಳು ನಂಬಿದ್ದಾಳೆ, ಬೀದಿಗೆಲ್ಲ ಅದನ್ನೇ ಕೊಳ್ಳಲು ಹೇಳುತ್ತಿದ್ದಾಳೆ. ಈ ಬರಹ ಅಚ್ಚಾದ ದಿನ ಅವಳ ಕೈಗೆ ಪೇಪರು ಸಿಗುವ ಮೊದಲು ನಾನು ಮನೆ ಬಿಡಬೇಕು. ಆದರೆ ಅಷ್ಟು ಬೇಗ ಹೊರಡಲು ನೆಪವೇ ಇಲ್ಲ. ಜಾನಕಮ್ಮ ಈಚೆಗೆ ನನ್ನ ಗುಂಡಿಗಳನ್ನೆಲ್ಲ ಎಂಥದೋ ದಾರದಲ್ಲಿ ಬಿಗಿದಿದ್ದಾರೆ, ಬ್ಲೇಡಿಗೂ ಜಗ್ಗುವುದಿಲ್ಲ. ಬೆಳಿಗ್ಗೆ ನೋಡಿದೆ.